ನಿಮ್ಮ ಕರಾವಳಿ ಪ್ರವಾಸದ ಬರಹ ಓದಿದೆ, ಅಪ್ಪನ ಫೋನ್ ಬಗ್ಗೆ ಸ್ವಲ್ಪ ಮಾತಾಡ್ಬೇಕು

ಮಡಿಕೇರಿಯಿಂದ ನಮಸ್ಕಾರ. ನೀವು ಕಳಿಸಿದ 'ಕರಾವಳಿಯ ಮಡಿಲಲ್ಲಿ ಒಂದು ದಿನ' ಎರಡು ಸಲ ಓದಿದೆ, ಒಂದ್ಸಲ ಆಫೀಸಲ್ಲಿ, ಇನ್ನೊಂದ್ಸಲ ರಾತ್ರಿ ಊಟ ಆದ್ಮೇಲೆ ಮನೇಲಿ. ಈಗಿರೋ ಹಾಗೆ ಇದನ್ನ ನಮ್ಮ ಪುರವಣಿಗೆ ಹಾಕಕ್ಕಾಗಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಇದರೊಳಗೆ ಒಂದು ತುಂಬಾ ಒಳ್ಳೆ ಬರಹ ಅಡಗಿ ಕೂತಿದೆ, ಅದಕ್ಕೇ ಎರಡು ಸಾಲಲ್ಲಿ ವಾಪಸ್ ಕಳಿಸದೆ ಇಷ್ಟುದ್ದ ಬರೀತಾ ಇದೀನಿ, ಬೇಜಾರು ಮಾಡ್ಕೋಬೇಡಿ.

ಜನವರಿಯ ಒಂದು ಭಾನುವಾರ ಅಪ್ಪ, ಅಮ್ಮ, ಅಜ್ಜಿ, ತಮ್ಮ, ನೀವು ಬೆಳಿಗ್ಗೆ ಐದಕ್ಕೆ ಮನೆ ಬಿಟ್ರಿ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಂಗಳೂರು, ಆಮೇಲೆ ಕಾಪು ಲೈಟ್‌ಹೌಸ್, ಉಡುಪಿ ಮಠ, ಮಲ್ಪೆ, ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪ, ಅಲ್ಲಿಂದ ಮರವಂತೆ, ಮುರುಡೇಶ್ವರ, ರಾತ್ರಿ ಹನ್ನೊಂದಕ್ಕೆ ಮತ್ತೆ ಮನೆ. ನಾನು ಪೆನ್ನು ಹಿಡ್ಕೊಂಡು ಲೆಕ್ಕ ಹಾಕ್ದೆ. ಮಡಿಕೇರಿಯಿಂದ ಮಂಗಳೂರಿಗೇ ಹತ್ತಿರ ಹತ್ತಿರ 140 ಕಿಲೋಮೀಟರ್, ಉಡುಪಿಯಿಂದ ಮುರುಡೇಶ್ವರ ಸುಮಾರು 100, ಹೋಗಿ ಬರೋದು ಅಂದ್ರೆ 600ರ ಆಸುಪಾಸು, ಅದರಲ್ಲಿ ಘಾಟಿ ಬೇರೆ, ಮಠದ ಕ್ಯೂ ಬೇರೆ, ದ್ವೀಪಕ್ಕೆ ಬೋಟ್ ತುಂಬೋವರೆಗೂ ಕಾಯೋದು ಬೇರೆ. ನೀವೇ ಬರೆದಿರೋ ಪ್ರಕಾರ ದ್ವೀಪದಿಂದ ವಾಪಸ್ ಬಂದಾಗ ಸಂಜೆ ನಾಲ್ಕು. ಹಾಗಾದ್ರೆ ಮುರುಡೇಶ್ವರ ನೋಡ್ಕೊಂಡು ಹನ್ನೊಂದಕ್ಕೆ ಮನೆ ಸೇರೋದು ಆಗದ ಮಾತು, ಬೆಳಗಿನ ಜಾವ ಎರಡಾದ್ರೂ ಆಗ್ಬೇಕು.

ನೇರವಾಗಿ ಕೇಳ್ತೀನಿ, ನೀವು ಮುರುಡೇಶ್ವರಕ್ಕೆ ಹೋಗಿರ್ಲಿಲ್ಲ ಅಲ್ವಾ?

ಗಡಿಯಾರ ಒಂದನ್ನೇ ನೋಡಿ ಹೇಳ್ತಿಲ್ಲ. ಮರವಂತೆ ಬಗ್ಗೆ 'ಬಲಕ್ಕೆ ಭೋರ್ಗರೆಯುವ ಕಡಲು, ಎಡಕ್ಕೆ ಶಾಂತ ಸೌಪರ್ಣಿಕಾ' ಅಂತ ಬರೆದಿದ್ದೀರಿ. ಉಡುಪಿ ಕಡೆಯಿಂದ ಮೇಲಕ್ಕೆ ಹೋಗೋರಿಗೆ ಸಮುದ್ರ ಎಡಕ್ಕೇ ಇರ್ಬೇಕು, ನದಿ ಬಲಕ್ಕೆ. ಆ ರಸ್ತೇಲಿ ಒಂದೇ ಒಂದು ಸಲ ಕಾರಲ್ಲಿ ಹೋದೋರು ಅದನ್ನ ತಪ್ಪು ಬರೆಯಲ್ಲ, ಯಾಕಂದ್ರೆ ಎಡಗಡೆ ಕಿಟಕಿ ಸೀಟಿಗೆ ಜಗಳ ಆಗಿರುತ್ತೆ. ಮುರುಡೇಶ್ವರದ ಪ್ಯಾರಾದಲ್ಲಿ 123 ಅಡಿ ಶಿವನ ವಿಗ್ರಹ, 20 ಅಂತಸ್ತಿನ ಗೋಪುರ, ಎಲ್ಲಾ ಅಂಕಿ ಸರಿ ಇದೆ, ಆದ್ರೆ ಅಲ್ಲಿ ನಿಮ್ಮನೆಯವರು ಯಾರೂ ಇಲ್ಲ. ಅಜ್ಜಿಗೆ ಕಾಲು ನೋಯ್ಲಿಲ್ಲ, ತಮ್ಮನಿಗೆ ಹಸಿವಾಗ್ಲಿಲ್ಲ, ಮುಖ್ಯವಾಗಿ ಅಪ್ಪ ಫೋನ್ ಮಾಡ್ಲಿಲ್ಲ. ಬೇರೆ ಎಲ್ಲಾ ಕಡೆ ಅಪ್ಪ ಫೋನ್ ಮಾಡ್ತಾರೆ. ನನಗೆ ಅನುಮಾನ ಬಂದಿದ್ದೇ ಅಲ್ಲಿ.

ಹೋಗದ ಊರನ್ನ ಸೇರಿಸ್ಬೇಡಿ. ಓದೋರಲ್ಲಿ ಒಬ್ಬರಾದ್ರೂ ಆ ರಸ್ತೆಯವರು ಇರ್ತಾರೆ, ಅವರು ಬಲ ಎಡ ನೋಡಿದ ಕೂಡ್ಲೇ ನೀವು ನಿಜವಾಗ್ಲೂ ಕಂಡಿರೋದನ್ನೂ ನಂಬೋದು ಬಿಟ್ಬಿಡ್ತಾರೆ. ಮಲ್ಪೆಯಿಂದಾನೇ ವಾಪಸ್ ಹೊರಟ್ರಿ ಅಂದ್ರೆ ಅಷ್ಟೇ ಬರೀರಿ, ಒಂದು ದಿನಕ್ಕೆ ಅದು ಧಾರಾಳ ಆಯ್ತು.

ಇನ್ನೊಂದು ಮಾತು, ಇದು ನನ್ನನ್ನ ನಿಜಕ್ಕೂ ಕಾಡಿದ್ದು. ನಮ್ಮೂರಿಗೆ ಬರೋ ಟೂರಿಸ್ಟ್‌ಗಳ ಬಗ್ಗೆ ನಾವೆಲ್ಲ ಏನಂತೀವಿ? ರಾಜಾಸೀಟ್, ಅಬ್ಬಿ ಫಾಲ್ಸ್, ದುಬಾರೆ, ಅರ್ಧ ದಿನಕ್ಕೆ ಮೂರು ಜಾಗ ನೋಡಿ 'ಕೂರ್ಗ್ ಮುಗಿಸಿದ್ವಿ' ಅಂತಾರೆ, ಭಾರತದ ಸ್ಕಾಟ್ಲೆಂಡ್ ಅಂತ ಬರೀತಾರೆ, ಇಲ್ಲಿ ಮನುಷ್ಯರು ಇದಾರೆ ಅನ್ನೋದೇ ಅವರ ಬರಹದಲ್ಲಿ ಕಾಣಲ್ಲ ಅಂತ ಬೈಕೋತೀವಲ್ಲ, ನೀವು ಕರಾವಳಿಗೆ ಅದನ್ನೇ ಮಾಡಿದ್ದೀರಿ. 'ಕಣ್ಮನ ಸೆಳೆಯುವ' ಅನ್ನೋ ಪದ 11 ಸಲ ಬಂದಿದೆ, ನಾನು ಎಣಿಸಿದೀನಿ. ಮಲ್ಪೆಯವರು ಇದನ್ನ ಓದಿದ್ರೆ ಅವರಿಗೂ ನಮಗಾಗೋ ಬೇಜಾರೇ ಆಗುತ್ತೆ.

ದ್ವೀಪದ ಭಾಗದಲ್ಲಿ ಎರಡು ತಿದ್ದುಪಡಿ. ಆ ಕಂಬದಂಥ ಕಲ್ಲುಗಳನ್ನ ಬಸಾಲ್ಟ್ ಅಂತ ಬರೆದಿದ್ದೀರಿ, ತುಂಬಾ ಜನ ಹಾಗೇ ಬರೀತಾರೆ, ಆದ್ರೆ ಅದು ರಯೋಲೈಟ್ ಜಾತಿಯ ಲಾವಾ ಕಲ್ಲು. ಮಡಗಾಸ್ಕರ್ ನಮ್ಮಿಂದ ಬೇರೆ ಆದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೇದು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಹೆಸರಿಟ್ಟ ಅನ್ನೋದನ್ನ 'ಪ್ರತೀತಿ ಇದೆ' ಅಂತ ಬರೀರಿ ಸಾಕು. ಕಾಪು ಲೈಟ್‌ಹೌಸ್ 'ಶತಮಾನಗಳ ಹಿಂದಿನದು' ಅಲ್ಲ, 1901ರದ್ದು.

ಈಗ ಅಪ್ಪನ ವಿಷಯಕ್ಕೆ ಬರ್ತೀನಿ. ಸುಳ್ಯದಲ್ಲಿ ತಿಂಡಿ ತಿನ್ನುವಾಗ ಅಪ್ಪ ಊರಲ್ಲಿರೋ ಚಿಕ್ಕಪ್ಪನಿಗೆ ಫೋನ್ ಮಾಡಿ ಮೋಡ ಇದೆಯಾ ಅಂತ ಕೇಳ್ತಾರೆ. ಕಾಪುವಿನಲ್ಲಿ ನೀವೆಲ್ಲ ಮೆಟ್ಟಿಲು ಹತ್ತುವಾಗ ಅವರು ಕೆಳಗೇ ನಿಂತು ಟಾರ್ಪಲ್ ಎಲ್ಲಿಟ್ಟಿದೆ ಅಂತ ಹೇಳ್ತಿರ್ತಾರೆ. ಮಠದ ಹೊರಗೆ ಇನ್ನೊಂದ್ಸಲ. 'ಅಪ್ಪನ ಫೋನ್ ಕಾಟದಿಂದ ನಮ್ಮ ಮೂಡ್ ಹಾಳಾಯಿತು' ಅಂತ ಒಂದೇ ಸಾಲಲ್ಲಿ ಮುಗಿಸಿ ಮುಂದೆ ಹೋಗಿದ್ದೀರಿ, ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಜನವರಿ ಅಂದ್ರೆ ರೋಬಸ್ಟಾ ಕಾಫಿ ಕುಯ್ಲು, ಕಣದಲ್ಲಿ ಹಣ್ಣು ಹರಡಿರುತ್ತೆ, ಅದು ಒಣಗೋಕೆ ಒಳ್ಳೆ ಬಿಸಿಲಿದ್ರೂ ಎರಡು ವಾರ ಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು, ಮಧ್ಯೆ ಒಂದು ಅಕಾಲ ಮಳೆ ಬಿದ್ರೆ ಬೂಷ್ಟು ಹಿಡಿಯುತ್ತೆ, ರೇಟ್ ಹೋಗುತ್ತೆ, ಒಂದು ವರ್ಷದ ದುಡಿಮೆ ಅದು. ಅಂಥ ಟೈಮಲ್ಲಿ ಒಬ್ಬ ಮನುಷ್ಯ ಹೆಂಡ್ತಿ ಮಕ್ಕಳಿಗೆ ಸಮುದ್ರ ತೋರಿಸೋಕೆ ಅಂತ ಕಣ ಬಿಟ್ಟು ಬಂದಿದಾರೆ. ಯಾಕೆ ಆ ಭಾನುವಾರವೇ ಹೊರಟ್ರು? ಅಜ್ಜಿ ಕೇಳಿದ್ರಾ? ನಿಮ್ಮ ರಜೆ ಮುಗೀತಿತ್ತಾ? ಅದು ಬರಹದಲ್ಲಿ ಎಲ್ಲೂ ಇಲ್ಲ, ಓದೋರಿಗೆ ಬೇಕಾಗಿರೋದು ಅದೇ.

ದ್ವೀಪದಲ್ಲಿ ಸಿಗ್ನಲ್ ಸಿಗ್ಲಿಲ್ಲ ಅಂತ ಬರೆದಿದ್ದೀರಿ. 'ಅಪ್ಪ ಫೋನ್ ಜೇಬಿಗೆ ಹಾಕಿ ಕಲ್ಲಿನ ಮೇಲೆ ಕೂತರು.' ಇಡೀ ಬರಹದಲ್ಲಿ ನನಗೆ ತುಂಬಾ ಹಿಡಿಸಿದ ಸಾಲು ಇದು. ತಕ್ಷಣ ನೀವು ಜ್ವಾಲಾಮುಖಿಗೆ ಹಾರಿಬಿಟ್ರಿ! ಅಪ್ಪ ಎಷ್ಟು ಹೊತ್ತು ಕೂತಿದ್ರು, ಎತ್ತ ನೋಡ್ತಿದ್ರು, ಅಜ್ಜಿ ಪಕ್ಕ ಬಂದು ಕೂತ್ರಾ, ಬೋಟಿನವರು ಕೂಗಿದಾಗ ಕೂಡ್ಲೇ ಎದ್ರಾ ಇಲ್ವಾ, ಅದನ್ನ ಬರೀರಿ. ಕಲ್ಲಿನ ವಯಸ್ಸಿಗೆ ಅರ್ಧ ಸಾಲು ಕೊಟ್ರೆ ಸಾಕು.

ಮಲ್ಪೆಯಲ್ಲಿ ಒಣಮೀನು ಹರಡಿದ್ದ ಕಡೆ ನೀವೆಲ್ಲ ಮೂಗು ಮುಚ್ಕೊಂಡು ಕಾರ್ ಹತ್ತಿದ್ರಿ, 'ಅಪ್ಪ ಮಾತ್ರ ಅಲ್ಲಿದ್ದ ಹೆಂಗಸಿನ ಹತ್ತಿರ ಏನೋ ಮಾತಾಡುತ್ತಾ ನಿಂತರು' ಅಂತ ಇದೆ. ಏನು ಮಾತಾಡಿದ್ರು? ನನ್ನ ಊಹೆ, ಎಷ್ಟು ದಿನಕ್ಕೆ ಒಣಗುತ್ತೆ, ಮೋಡ ಬಂದ್ರೆ ಏನು ಮಾಡ್ತೀರಿ ಅಂತ ಕೇಳಿರ್ತಾರೆ. ಆದ್ರೆ ನನ್ನ ಊಹೆ ಬರೀಬೇಡಿ, ಅವರನ್ನೇ ಕೇಳಿ. ಬೆಂಗಳೂರಿಂದ ಬಂದ ಪ್ರವಾಸಿಗೆ ಅಲ್ಲಿ ವಾಸನೆ ಕಾಣುತ್ತೆ, ಕಣ ಕಾಯೋ ಮನೆಯವರಿಗೆ ಬೇರೆ ಏನೋ ಕಾಣುತ್ತೆ, ಆ ಕಣ್ಣು ನಿಮ್ಮನೇಲೇ ಇದೆ.

ಘಾಟಿ ಬಗ್ಗೆ 'ತಿರುವುಗಳ ರೋಮಾಂಚನ' ಅನ್ನೋ ಎರಡೇ ಪದ ಇದೆ. ಮದೆನಾಡು, ಜೋಡುಪಾಲ ದಾಟುವಾಗ ಕಾರಲ್ಲಿ ಯಾರೂ ಏನೂ ಅನ್ಲಿಲ್ವಾ? 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದು ಮನೆಗಳು ಹೋದ್ವು, ಜನ ಹೋದ್ರು, ಈ ರಸ್ತೆಯೇ ಬಂದ್ ಆಗಿತ್ತು. ನಾನಂತೂ ಈಗಲೂ ಅಲ್ಲಿ ಬಂದಾಗ ತಲೆ ಎತ್ತಿ ಮೇಲೆ ನೋಡದೆ ದಾಟಿಲ್ಲ. ನಿಮ್ಮ ಅಜ್ಜಿಯೂ ಏನಾದ್ರೂ ಅಂದಿರ್ತಾರೆ. ಕೆಳಗೆ ಸಂಪಾಜೆ ಹತ್ರ ಪಯಸ್ವಿನಿ ನದಿ ಸಿಗ್ತಾಳಲ್ಲ, ನಮ್ಮ ಗುಡ್ಡದ ಮಳೆ ಒಂದು ಪಾಲು ಕಾವೇರಿ ಜೊತೆ ಪೂರ್ವಕ್ಕೆ ಹೋದ್ರೆ ಇನ್ನೊಂದು ಪಾಲು ಈ ಪಯಸ್ವಿನಿ ಜೊತೆ ಕಾಸರಗೋಡಿನ ಹತ್ರ ಅರಬ್ಬಿ ಸಮುದ್ರ ಸೇರುತ್ತೆ. ಆ ನೀರು ಹೋಗೋ ಕಡೆಗೇ ನೀವೂ ಇಳೀತಿದ್ರಿ. ಬೇಕಿದ್ರೆ ಇಟ್ಕೊಳ್ಳಿ, ಹೊಂದಲ್ಲ ಅನ್ಸಿದ್ರೆ ಬಿಡಿ.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. ಅಮ್ಮನಿಗೆ ಫೋನಲ್ಲಿ ಹೇಳೋ ಹಾಗೆ ಬರೀರಿ, 'ರುದ್ರರಮಣೀಯ' ಎಲ್ಲಾ ತೆಗೀರಿ.

800 ಪದ ಸಾಕು, ಫೋಟೋ ಒಂದೇ ಸಾಕು, ಸೆಲ್ಫಿ ಬೇಡ, ಅಪ್ಪ ಕಲ್ಲಿನ ಮೇಲೆ ಕೂತಿರೋದು ಯಾರಾದ್ರೂ ತೆಗ್ದಿದ್ರೆ ಅದನ್ನ ಕಳಿಸಿ. ಕುಯ್ಲು ಮುಗಿದ ಮೇಲೆ ಕಳಿಸಿದ್ರೂ ಪರವಾಗಿಲ್ಲ, ಜಾಗ ಇಟ್ಟಿರ್ತೀನಿ. ಹಾಂ, ಆ ಭಾನುವಾರ ಊರಲ್ಲಿ ಮಳೆ ಬಂತಾ ಇಲ್ವಾ ಅಂತ ನೀವು ಬರೆದೇ ಇಲ್ಲ. ದಯವಿಟ್ಟು ಅದನ್ನ ಮರೀಬೇಡಿ.