ಬೆಲ್ಲು ಬಾಗಿಲಲ್ಲಿ, ವೈಫೈ ಉಪ್ಪರಿಗೆಯಲ್ಲಿ

ಹಬ್ಬದ ಸೇಲ್ ಮುಗಿದ ಮೇಲೆ ಬರ್ತಿರೋ ಪತ್ರ ಎಲ್ಲಾ ಕ್ಯಾಮೆರಾ ಇರೋ ಡೋರ್‌ಬೆಲ್ ಬಗ್ಗೇನೇ. ತಗೊಂಡಿದ್ದಾರೆ, ಗೋಡೆಗೆ ತೂತೂ ಹೊಡೆಸಿದ್ದಾರೆ, ವೈಫೈ ಮಾತ್ರ ಹಿಡೀತಿಲ್ಲ. ಡ್ರಿಲ್ ಮಷಿನ್ ತರೋಕೆ ಮುಂಚೆ ಬರೀರಪ್ಪ ಅಂದ್ರೆ ಯಾರು ಕೇಳ್ತಾರೆ. ಇರ್ಲಿ, ಒಂದೊಂದಾಗಿ ನೋಡೋಣ.

ಪ್ರಶ್ನೆ: ನಾನು ರಿಟೈರ್ಡ್ ಮೇಷ್ಟ್ರು. ಮಗ ಬೆಂಗಳೂರಿಂದ ಸ್ಮಾರ್ಟ್ ಡೋರ್‌ಬೆಲ್ ಕಳಿಸಿದಾನೆ. ಮನೇಲಿ ಫೈಬರ್ ಇಂಟರ್ನೆಟ್ ಇದೆ, ಮೊಬೈಲಲ್ಲಿ ಯೂಟ್ಯೂಬ್ ಚೆನ್ನಾಗೇ ಓಡುತ್ತೆ. ಆದ್ರೆ ಬೆಲ್ಲನ್ನ ಸೇರಿಸೋಕೆ ಹೋದ್ರೆ ಅದರೊಳಗಿಂದ ಒಂದು ಹೆಣ್ಣುದನಿ ಇಂಗ್ಲಿಷಲ್ಲಿ ಆಗ್ಲಿಲ್ಲ ಅಂತ ಹೇಳುತ್ತೆ. ಮಗ ಫೋನಲ್ಲಿ ರೀಸೆಟ್ ಮಾಡು ಅಂತಾನೆ, ಏಳು ಸಲ ಮಾಡಿದೆ. ಬೆಲ್ಲೇ ಕೆಟ್ಟಿದೆಯಾ? (ದಾವಣಗೆರೆ)

ಉತ್ತರ: ಮೇಷ್ಟ್ರೇ, ರೀಸೆಟ್ ಸಾಕು ಮಾಡಿ, ಬೆಲ್ಲು ಮಾತಾಡ್ತಿದೆ ಅಂದ್ರೆ ಬಹುಶಃ ಆರೋಗ್ಯವಾಗೇ ಇದೆ. ಮೊದಲು ಅದನ್ನ ಗೋಡೆಯಿಂದ ಬಿಚ್ಚಿ ತಂದು ರೂಟರ್ ಪಕ್ಕ ಮೇಜಿನ ಮೇಲೆ ಇಡಿ. ಅಲ್ಲೂ ಸೇರಲಿಲ್ಲ ಅಂದ್ರೆ ತೊಂದರೆ ಸೆಟ್ಟಿಂಗ್‌ದು, ಅಲ್ಲಿ ಸೇರ್ಕೊಂಡು ಬಾಗಿಲ ಹತ್ರ ಬಿಟ್ಟೋದ್ರೆ ತೊಂದರೆ ಗೋಡೇದು. ಇದು ಗೊತ್ತಾಗದೆ ಎರಡನ್ನೂ ಒಟ್ಟಿಗೆ ರಿಪೇರಿ ಮಾಡೋಕೆ ಹೋಗೋದ್ರಿಂದಲೇ ಭಾನುವಾರ ಪೂರ್ತಿ ಹಾಳಾಗೋದು.

ನಿಮ್ಮದು ಸೆಟ್ಟಿಂಗ್‌ದೇ ಅಂತ ನನ್ನ ಅನುಮಾನ. ಈಗಿನ ರೂಟರ್‌ಗಳು ಎರಡು ಥರದ ವೈಫೈ ಬಿಡ್ತವೆ, 2.4 ಗಿಗಾಹರ್ಟ್ಸ್ ಒಂದು, 5 ಗಿಗಾಹರ್ಟ್ಸ್ ಇನ್ನೊಂದು. 5ರದ್ದು ಸ್ಪೀಡು ಜಾಸ್ತಿ, ಆದ್ರೆ ಗೋಡೆ ದಾಟೋಕೆ ಹೋದ್ರೆ ಸುಸ್ತಾಗುತ್ತೆ, 2.4ರದ್ದು ನಿಧಾನ, ಆದ್ರೆ ದೂರ ಹೋಗುತ್ತೆ. ಡೋರ್‌ಬೆಲ್‌ಗಳಲ್ಲಿ ಬಹಳಷ್ಟು 2.4 ಮಾತ್ರ ಹಿಡಿಯೋವು. ಎರಡಕ್ಕೂ ರೂಟರ್ ಒಂದೇ ಹೆಸರು ಇಟ್ಟಿರುತ್ತೆ, ನಿಮ್ಮ ಮೊಬೈಲು 5ರಲ್ಲಿ ಹಾಯಾಗಿ ಕೂತಿರುತ್ತೆ. ಕೆಲವು ಸಲ ಬೆಲ್ಲು ತಾನೇ 2.4 ಹುಡುಕ್ಕೊಂಡು ಸೇರ್ಕೊಳುತ್ತೆ, ಕೆಲವು ಸಲ ರೂಟರ್ ಅದನ್ನೂ 5ರ ಕಡೆ ತಳ್ಳೋಕೆ ನೋಡುತ್ತೆ, ಅಲ್ಲಿಗೆ ಮುಗೀತು.

ರೂಟರ್ ಕೆಳಗೆ ಒಂದು ಸ್ಟಿಕ್ಕರ್ ಇರುತ್ತೆ, ಅದರಲ್ಲಿ 192.168.1.1 ಅಂತಲೋ ಅದರ ಹತ್ತಿರದ್ದೋ ಒಂದು ನಂಬರು, ಲಾಗಿನ್ ಹೆಸರು ಎಲ್ಲಾ ಬರ್ದಿರುತ್ತೆ. ವೈಫೈಗೆ ಸೇರ್ಕೊಂಡೇ ಆ ನಂಬರನ್ನ ಬ್ರೌಸರಲ್ಲಿ ಹೊಡೆದ್ರೆ ರೂಟರ್ ಒಳಗೆ ಹೋಗಬಹುದು. ವೈರ್‌ಲೆಸ್ ಭಾಗದಲ್ಲಿ ಸ್ಮಾರ್ಟ್ ಕನೆಕ್ಟ್ ಅಥವಾ ಬ್ಯಾಂಡ್ ಸ್ಟೀರಿಂಗ್ ಅಂತ ಇದ್ರೆ ಆಫ್ ಮಾಡಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಅಲ್ಲೇ ಸೆಕ್ಯುರಿಟಿ ಜಾಗದಲ್ಲಿ ಡಬ್ಲ್ಯುಪಿಎ3 (ವೈಫೈಗೆ ಬೀಗ ಹಾಕೋ ಹೊಸ ವಿಧಾನ) ಒಂದೇ ಇದ್ರೆ ಡಬ್ಲ್ಯುಪಿಎ2ಗೋ ಎರಡೂ ಸೇರಿದ್ದಕ್ಕೋ ಬದಲಾಯಿಸಿ, ಹಳೇ ಚಿಪ್ಪಿನ ಬೆಲ್ಲುಗಳಿಗೆ 3 ಅರ್ಥ ಆಗಲ್ಲ. ಇದೆಲ್ಲಾ ಕೈಗೆ ಬರಲ್ಲ ಅಂದ್ರೆ ಫೈಬರ್ ಹಾಕಿದ ಹುಡುಗನಿಗೆ ಫೋನ್ ಮಾಡಿ 2.4 ಬೇರೆ ಮಾಡ್ಕೊಡಪ್ಪ ಅನ್ನಿ, ಐದು ನಿಮಿಷದ ಕೆಲಸ.

ಆಮೇಲೆ ಮೊಬೈಲನ್ನ 2.4ರ ಹೆಸರಿಗೆ ಸೇರಿಸಿ ಮತ್ತೆ ಶುರು ಮಾಡಿ, ಮೊಬೈಲ್ ಡೇಟಾ ಆಫ್ ಇರ್ಲಿ. ಯಾಕಂದ್ರೆ ಸೆಟಪ್ ಹೊತ್ತಲ್ಲಿ ಎಷ್ಟೋ ಬೆಲ್ಲುಗಳು ತಮ್ಮದೇ ಒಂದು ಪುಟ್ಟ ವೈಫೈ ಬಿಡ್ತವೆ, ಅದರಲ್ಲಿ ಇಂಟರ್ನೆಟ್ ಇರಲ್ಲ, ಮೊಬೈಲು ಅದನ್ನ ನೋಡಿ ಇದ್ಯಾಕೋ ಸರಿ ಇಲ್ಲ ಅಂತ ನಿಮಗೆ ಹೇಳದೆ ಕೇಳದೆ ಡೇಟಾಗೆ ಜಾರ್ಕೊಳುತ್ತೆ. ಆಂಡ್ರಾಯ್ಡ್ ಆದ್ರೆ ಲೊಕೇಶನ್ ಆನ್ ಇರ್ಬೇಕು, ಇಲ್ಲದಿದ್ರೆ ಆಪ್‌ಗೆ ಸುತ್ತಲಿನ ವೈಫೈ ಹೆಸರೇ ಕಾಣಲ್ಲ. ಐಫೋನ್ ಆದ್ರೆ ಲೋಕಲ್ ನೆಟ್‌ವರ್ಕ್ ಅಂತ ಅನುಮತಿ ಕೇಳುತ್ತೆ, ಬೇಡ ಅಂತ ಒತ್ತಿಬಿಟ್ಟಿರ್ತೀರಿ, ಸೆಟ್ಟಿಂಗ್ಸಲ್ಲಿ ಹೋಗಿ ಕೊಡಿ. ಪಾಸ್‌ವರ್ಡ್ ಹೊಡೆಯುವಾಗ ಕಣ್ಣಿನ ಗುರುತು ಒತ್ತಿ ನೋಡ್ಕೊಂಡು ಹೊಡೀರಿ, ಕೀಬೋರ್ಡು ಮೊದಲ ಅಕ್ಷರವನ್ನ ತಾನಾಗೇ ದೊಡ್ಡದು ಮಾಡಿರುತ್ತೆ, ಇಲ್ಲಾಂದ್ರೆ ಕೊನೇಲಿ ಒಂದು ಸ್ಪೇಸ್ ಸೇರ್ಸಿರುತ್ತೆ. ಮಕ್ಕಳ ಕಾಗುಣಿತ ತಿದ್ದಿದ ಕಣ್ಣು ನಿಮ್ಮದು, ತಪ್ಪಿಸ್ಕೊಳ್ಳಲ್ಲ ಬಿಡಿ.

ಪ್ರಶ್ನೆ: ನಮ್ದು ಕೆಂಪುಕಲ್ಲಿನ ಹಳೇ ಮನೆ, ರೂಟರ್ ಉಪ್ಪರಿಗೆಯಲ್ಲಿ ಮಗಳು ಓದೋ ಕೋಣೆಯಲ್ಲಿದೆ. ಬೆಲ್ಲು ಅಲ್ಲಿ ಕನೆಕ್ಟ್ ಆಯ್ತು, ಜಗಲಿಗೆ ತಂದು ಹಾಕಿದ್ರೆ ವೀಡಿಯೋ ನಿಂತು ನಿಂತು ಬರ್ತದೆ, ಬ್ಯಾಟರಿಯೂ ಬೇಗ ಖಾಲಿ ಆಗ್ತದೆ. (ಪುತ್ತೂರು)

ಉತ್ತರ: ಎರಡೂ ಒಂದೇ ಕಾಯಿಲೆ. ಸಿಗ್ನಲ್ ವೀಕ್ ಇದ್ದಾಗ ಬೆಲ್ಲು ಅದೇ ಮಾತನ್ನ ಮತ್ತೆ ಮತ್ತೆ ಕೂಗಿ ಹೇಳ್ಬೇಕಾಗುತ್ತೆ, ಕೂಗಿದಷ್ಟೂ ಬ್ಯಾಟರಿ ಇಳಿಯುತ್ತೆ. ಅಷ್ಟು ದಪ್ಪದ ಕೆಂಪುಕಲ್ಲಿನ ಗೋಡೆ, ಅದೂ ಮಳೆಗಾಲದಲ್ಲಿ ನೀರು ಕುಡಿದಿದ್ರೆ, ವೈಫೈಗೆ ದೊಡ್ಡ ಅಡ್ಡಿ. ಹೊರಗಡೆ ಕಬ್ಬಿಣದ ಗ್ರಿಲ್ ಇದ್ರೆ ಇನ್ನೂ ಕಷ್ಟ. ವೈಫೈ ಅನಲೈಸರ್ ಥರದ ಆಪ್ ಹಾಕ್ಕೊಂಡು ಬಾಗಿಲು ಮುಚ್ಚಿ ಬೆಲ್ಲಿನ ಜಾಗದಲ್ಲೇ ನಿಂತು ನೋಡಿ, ಸಿಗ್ನಲ್ ಎಷ್ಟು ಗಟ್ಟಿ ಅನ್ನೋ ನಂಬರು (ಡಿಬಿಎಂ) ಮೈನಸ್ 60 ಆಸುಪಾಸಿದ್ರೆ ಚೆನ್ನಾಗಿದೆ, ಮೈನಸ್ 70 ದಾಟಿ 80ರ ಕಡೆ ಹೋದ್ರೆ ಅಷ್ಟಕ್ಕಷ್ಟೇ.

ರೂಟರನ್ನ ಕೆಳಗೆ ಚಾವಡಿಗೆ ಇಳಿಸೋಕಾದ್ರೆ ಅದೇ ಒಳ್ಳೇದು, ಮಗಳು ಒಪ್ಪಬೇಕು ಅಷ್ಟೇ. ಒಪ್ಪಲ್ಲ ಅಂದ್ರೆ ವೈಫೈ ಹಿಡಿದು ಮುಂದಕ್ಕೆ ಹಂಚೋ ಎಕ್ಸ್‌ಟೆಂಡರ್ ತಗೊಳ್ಳಿ, ಆದ್ರೆ ಅದನ್ನ ಬೆಲ್ಲಿನ ಪಕ್ಕ ಹಾಕ್ಬೇಡಿ. ಸಿಗ್ನಲ್ ಇಲ್ಲದ ಕಡೆ ಅದೇನು ಹಂಚುತ್ತೆ? ಮೆಟ್ಟಿಲ ಹತ್ರ, ನಡುದಾರೀಲಿ ಹಾಕಿ. ಹಳೇ ರೂಟರ್ ಅಟ್ಟದಲ್ಲಿ ಬಿದ್ದಿದ್ರೆ ಮೇಲಿಂದ ಒಂದು ಲ್ಯಾನ್ ಕೇಬಲ್ ಎಳೆದು ಅದನ್ನ ಆಕ್ಸೆಸ್ ಪಾಯಿಂಟ್ (ಕೇಬಲಲ್ಲಿ ಬಂದ ಇಂಟರ್ನೆಟ್ಟನ್ನ ವೈಫೈ ಮಾಡಿ ಹಂಚೋ ಡಬ್ಬಿ) ಮಾಡ್ಕೊಬಹುದು, ಎಕ್ಸ್‌ಟೆಂಡರ್‌ಗಿಂತ ನನಗೆ ಇದರ ಮೇಲೇ ನಂಬಿಕೆ.

ಪ್ರಶ್ನೆ: ಮಗಳು ಅಮೆರಿಕದಿಂದ ಬರುವಾಗ ಡೋರ್‌ಬೆಲ್ ತಂದ್ಲು. ಒಂದಿನ ವೈಫೈ ಕಾಣುತ್ತೆ, ರೂಟರ್ ಆಫ್ ಆಗಿ ಆನ್ ಆದ್ರೆ ಕಾಣಲ್ಲ. ಬ್ಯಾಟರಿ ಚಾರ್ಜ್ ಮಾಡೋ ಕಷ್ಟ ಬೇಡ ಅಂತ ಹಳೇ ಬೆಲ್ ಸ್ವಿಚ್ಚಿನ ವೈರಿಗೇ ಸೇರಿಸ್ಬಹುದಾ, ಹಿಂದೆ ಎರಡು ಸ್ಕ್ರೂ ಇದಾವೆ. (ಮೈಸೂರು)

ಉತ್ತರ: ಅಯ್ಯೋ ಅಮ್ಮ, ಸೇರಿಸ್ಬೇಡಿ! ಅಮೆರಿಕದ ಮನೆಗಳಲ್ಲಿ ಬೆಲ್ಲಿಗೆ ಅಂತಲೇ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತೆ, ಅಲ್ಲಿಂದ ಬರೋದು 16ರಿಂದ 24 ವೋಲ್ಟ್, ಆ ಸ್ಕ್ರೂಗಳು ಅದಕ್ಕೆ ಇರೋದು. ನಮ್ಮಲ್ಲಿ ಬೆಲ್ ಸ್ವಿಚ್ಚಿಗೆ ಸಾಮಾನ್ಯವಾಗಿ 230 ವೋಲ್ಟ್ ನೇರವಾಗೇ ಬರುತ್ತೆ. ಸೇರಿಸಿದ್ರೆ ಬೆಲ್ಲು ಸುಡೋದಷ್ಟೇ ಅಲ್ಲ, ಒತ್ತೋಕೆ ಬಂದವರಿಗೂ ಶಾಕ್ ಹೊಡೀಬಹುದು. ಬ್ಯಾಟರೀಲೇ ನಡೆಸಿ, ಯುಎಸ್‌ಬಿ ಇದ್ರೆ ನಮ್ಮ ಚಾರ್ಜರಲ್ಲೇ ಚಾರ್ಜ್ ಆಗುತ್ತೆ. ಜೊತೆಗೆ ಪ್ಲಗ್ಗಿಗೆ ಹಾಕೋ ಗಂಟೆ ಬಂದಿದ್ರೆ ಅದರ ಮೇಲೆ 100-240 ಅಂತ ಇದ್ಯಾ ನೋಡಿ, 120 ಮಾತ್ರ ಇದ್ರೆ ಪೆಟ್ಟಿಗೇಲೇ ಇರ್ಲಿ.

ಇನ್ನು ವೈಫೈ ಕಣ್ಣಾಮುಚ್ಚಾಲೆ. 2.4ರಲ್ಲಿ ಚಾನೆಲ್‌ಗಳು ಅಂತ ಇರ್ತವೆ, ನಮ್ಮ ದೇಶದಲ್ಲಿ 1ರಿಂದ 13, ಅಮೆರಿಕಕ್ಕೆ ಅಂತ ಮಾಡಿದ ಸಾಮಾನುಗಳು ಸಾಮಾನ್ಯವಾಗಿ 11ರ ತನಕ ಮಾತ್ರ ನೋಡ್ತವೆ. ನಿಮ್ಮ ರೂಟರ್ ಆಟೋ ಸೆಟ್ಟಿಂಗಲ್ಲಿದ್ದು ಪ್ರತಿ ಸಲ ಆನ್ ಆದಾಗ ತನಗೆ ಬೇಕಾದ ಚಾನೆಲ್ ಆರಿಸ್ಕೊಳುತ್ತೆ, 12ಕ್ಕೋ 13ಕ್ಕೋ ಹೋದ ದಿನ ಬೆಲ್ಲಿನ ಪಾಲಿಗೆ ನಿಮ್ಮ ವೈಫೈ ಇಲ್ಲವೇ ಇಲ್ಲ. ಆಟೋ ತೆಗೆದು 1, 6, 11 ಇದರಲ್ಲಿ ಯಾವುದಾದ್ರೂ ಒಂದಕ್ಕೆ ಕಟ್ಟಿಹಾಕಿ, ಈ ಮೂರು ಒಂದರ ಮೇಲೊಂದು ಬೀಳಲ್ಲ. ಅಕ್ಕಪಕ್ಕದವರು ಯಾವುದರಲ್ಲಿ ಕಮ್ಮಿ ಇದಾರೋ ಅದು ನಿಮ್ಮದು.

ಪ್ರಶ್ನೆ: ನಮ್ಮ ವೈಫೈ ಹೆಸರು ‘ಅಮ್ಮನ ಮನೆ’, ಕನ್ನಡದಲ್ಲೇ ಇಟ್ಟಿದೀವಿ. ಬೆಲ್ಲಿನ ಆಪಲ್ಲಿ ಬರೀ ಚೌಕಗಳು ಬರ್ತವೆ, ಕನೆಕ್ಟೂ ಆಗಲ್ಲ. (ಹುಬ್ಬಳ್ಳಿ)

ಉತ್ತರ: ಹೆಸರು ಭಾಳ ಛಲೋ ಐತಿ, ಬೆಲ್ಲಿಗೆ ಓದಾಕ ಬರಂಗಿಲ್ಲ ಅಷ್ಟ. ಅದರ ಸಾಫ್ಟ್‌ವೇರ್ ಬರೆದವರು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇದು ಬರುತ್ತೆ ಅಂತ ಯೋಚನೇನೇ ಮಾಡಿರಲ್ಲ. ಇನ್ನೊಂದು ವಿಷಯ, ವೈಫೈ ಹೆಸರಿಗೆ ಇರೋ ಜಾಗ 32 ಬೈಟ್, ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮಲ್ಲಿ ಅಕ್ಷರ, ಕೊಂಬು, ದೀರ್ಘ ಎಲ್ಲದಕ್ಕೂ ತಲಾ ಮೂರು, ಒತ್ತಿಗಂತೂ ಆರು ಬೇಕು. ‘ಶ್ರೀ’ ಅನ್ನೋದಕ್ಕೇ 12 ಹೋಗುತ್ತೆ, ‘ಶ್ರೀ ಮಂಜುನಾಥ’ ಅಂದ್ರೆ ಜಾಗವೇ ಸಾಲಲ್ಲ! ನಿಮ್ಮದು 25ರಲ್ಲಿ ಮುಗಿಯುತ್ತೆ, ಅದಕ್ಕೇ ರೂಟರ್ ಒಪ್ಪಿರೋದು. ಹೆಸರು ಬದಲಾಯಿಸೋದೇನೂ ಬೇಡ. ರೂಟರಲ್ಲಿ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆ ಅಂತ ಇರೋ ಎರಡನೇ ವೈಫೈ) ಆನ್ ಮಾಡಿ, 2.4ರಲ್ಲಿ, ಇಂಗ್ಲಿಷಲ್ಲಿ ಚಿಕ್ಕ ಹೆಸರು ಕೊಟ್ಟು ಬೆಲ್ಲನ್ನ ಅಲ್ಲಿಗೆ ಸೇರಿಸಿ. ಮನೆಯವರೆಲ್ಲ ಅಮ್ಮನ ಮನೇಲೇ ಇರ್ಲಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗೆಲ್ಲಾ ಬೆಲ್ಲು ಆಫ್‌ಲೈನ್. ಜೊತೆಗೆ ಮುಂದಿನ ತಿಂಗಳು ಇಂಟರ್ನೆಟ್ ಕಂಪನಿ ಬದಲಾಯಿಸ್ತಿದೀವಿ, ಎಲ್ಲಾ ಮೊದಲಿಂದ ಮಾಡ್ಬೇಕಾ? (ತುಮಕೂರು)

ಉತ್ತರ: ಕರೆಂಟ್ ಬಂದ ಮೇಲೆ ರೂಟರ್ ಪೂರ್ತಿ ಏಳೋಕೆ ಕೆಲವು ನಿಮಿಷ ಬೇಕು, ಅಷ್ಟು ಹೊತ್ತು ಕಾಯ್ರಿ. ಆಮೇಲೂ ಬರದಿದ್ರೆ ಬೆಲ್ಲನ್ನ ಒಂದ್ಸಲ ಒತ್ತಿ, ನಿದ್ದೇಲಿರೋ ಬ್ಯಾಟರಿ ಬೆಲ್ಲು ಎದ್ದು ಹುಡುಕುತ್ತೆ. ರೂಟರಿಗೊಂದು ಮಿನಿ ಯುಪಿಎಸ್ ಹಾಕಿದ್ರೆ ಈ ಕಾಟವೇ ಇಲ್ಲ, ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ನೋಡ್ಕೊಂಡು ತಗೊಳ್ಳಿ, ಫೈಬರ್ ಡಬ್ಬಿ ಬೇರೆ ಇದ್ರೆ ಅದನ್ನೂ ಸೇರಿಸಿ. ಕಂಪನಿ ಬದಲಾದ್ರೆ ಹೊಸ ರೂಟರಿಗೆ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಚಾಚೂ ತಪ್ಪದೆ ಇಟ್ಟುಬಿಡಿ, ಬೆಲ್ಲು, ಟಿವಿ, ಎಲ್ಲಾ ತಾವಾಗೇ ಬಂದು ಸೇರ್ಕೊಳ್ತವೆ, ರೂಟರ್ ಬದಲಾಗಿದ್ದು ಅವಕ್ಕೆ ಗೊತ್ತೂ ಆಗಲ್ಲ.