ಸಂಪಾದಕರ ಉತ್ತರ: ಕಾಲೇಜು ಹುಡುಗರ ಪತ್ರಿಕೆಗಳಲ್ಲಿ ಏನಿತ್ತು?

ಮಾನ್ಯರೇ,

ಆಧುನಿಕ ಚೀನೀ ಸಾಹಿತಿ ಲೂ ಷುನ್ ಕುರಿತ ಕಳೆದ ಸಂಚಿಕೆಯ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಜಪಾನಿನಲ್ಲಿ ಓದುವಾಗ ಅವರು ವಿದ್ಯಾರ್ಥಿ ಪತ್ರಿಕೆಗಳಿಗೆ ಬರೆದದ್ದಕ್ಕೆ ಅಷ್ಟು ಜಾಗವೇಕೆ, ಕಾಲೇಜು ಹುಡುಗರ ಬರಹದಲ್ಲಿ ಏನಿರಲು ಸಾಧ್ಯ ಎಂದು ಕೇಳಿದ್ದೀರಿ. ನಿಮ್ಮ ಮಾತನ್ನು ನಾನು ಒಪ್ಪಲಾರೆ.

1903ರಲ್ಲಿ ಟೋಕಿಯೊದಲ್ಲಿದ್ದ ಹುಬೈ, ಝೆಜಿಯಾಂಗ್, ಜಿಯಾಂಗ್ಸು ಪ್ರಾಂತಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಸೀಮೆಯ ಹೆಸರಿನಲ್ಲಿ ಪತ್ರಿಕೆ ಹೊರಡಿಸಿದರು. ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ಅರಸರ ಕೈಕೆಳಗೆ ಅಚ್ಚುಹಾಕಲಾಗದ ಮಾತುಗಳು ಅಲ್ಲಿ ಅಚ್ಚಾದವು. ಝೆಜಿಯಾಂಗ್ ವಿದ್ಯಾರ್ಥಿಗಳ ಪತ್ರಿಕೆ ‘ಝೆಜಿಯಾಂಗ್ ಚಾವೊ’ದಲ್ಲಿ 22ರ ಲೂ ಷುನ್ ರೇಡಿಯಂ ಬಗ್ಗೆ ಬರೆದರು, ಕ್ಯೂರಿ ದಂಪತಿ ಅದನ್ನು ಕಂಡುಹಿಡಿದು ಆಗ ಐದೇ ವರ್ಷ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. 1914ರ ಬೇಸಿಗೆಯಲ್ಲಿ ಅಲ್ಲಿನ ಚೀನೀ ವಿದ್ಯಾರ್ಥಿಗಳು ‘ಕೆಷುಯೆ’, ಅಂದರೆ ‘ವಿಜ್ಞಾನ’, ಎಂಬ ಮಾಸಪತ್ರಿಕೆ ತರಲು ನಿಶ್ಚಯಿಸಿದರು. ಬರೆಯುವುದು ಕಾರ್ನೆಲ್ ಇರುವ ಇಥಾಕಾ ಊರಿನಲ್ಲಿ, ಮುದ್ರಣ ಶಾಂಘೈಯಲ್ಲಿ. ದುಡ್ಡು ತಮ್ಮ ಕಿಸೆಯಿಂದಲೇ. ಮುಂದೆ ದೊಡ್ಡ ಭಾಷಾವಿಜ್ಞಾನಿಯಾದ ಝಾವೊ ಯುವಾನ್‌ರೆನ್ ಮಧ್ಯಾಹ್ನಕ್ಕೆ ಬರೀ ಸೂಪು, ಆಪಲ್ ಪೈ ತಿಂದು ಹಣ ಉಳಿಸಿದರು. ಪೋಷಣೆ ಸಾಲದೆ ಸೊರಗಿದರು. ಚೀನೀ ಬರಹವನ್ನು ಆಗ ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಅಚ್ಚುಹಾಕುತ್ತಿದ್ದರು. ಅದರ ನಡುವೆ ಗಣಿತದ ಸಮೀಕರಣವನ್ನು ಎಲ್ಲಿ ಕೂರಿಸುವುದು? 1915ರ ಜನವರಿಯ ಮೊದಲ ಸಂಚಿಕೆ ಎಡದಿಂದ ಬಲಕ್ಕೆ ಅಡ್ಡಸಾಲುಗಳಲ್ಲಿ, ಪಾಶ್ಚಾತ್ಯ ವಿರಾಮಚಿಹ್ನೆಗಳೊಂದಿಗೆ ಹೊರಬಂತು. ಪುಟ ಕಟ್ಟುವುದರಲ್ಲೇ ವಯಸ್ಸು ಕಳೆದ ನನಗೆ ಆ ಧೈರ್ಯ ಎಂಥದೆಂದು ಗೊತ್ತು.

1916ರ ಜುಲೈಯಲ್ಲಿ ಇದೇ ಬಳಗದ ಕೆಲವರು ಇಥಾಕಾ ಬಳಿಯ ಕಯೂಗಾ ಸರೋವರದಲ್ಲಿ ದೋಣಿ ನಡೆಸುತ್ತಿದ್ದಾಗ ದಡದ ಹತ್ತಿರ ದೋಣಿ ಮಗುಚಿತು, ಮೇಲಿಂದ ಮಳೆ. ಎಲ್ಲರ ಬಟ್ಟೆಯೂ ಒದ್ದೆ. ರೆನ್ ಹೊಂಗ್‌ಜುನ್ ಅದನ್ನೇ ಹಳೆಯ ಶೈಲಿಯ ಕವಿತೆಯಾಗಿ ಕಟ್ಟಿ ನ್ಯೂಯಾರ್ಕಿನಲ್ಲಿ ಓದುತ್ತಿದ್ದ ಗೆಳೆಯ ಹು ಷಿಗೆ ಕಳುಹಿಸಿದರು. ಇವು ಸತ್ತ ಪದಗಳು, ಕೆರೆಯ ದೋಣಿಗೆ ಕಡಲ ಬಿರುಗಾಳಿಯ ಸವಕಲು ಮಾತೇಕೆ ಎಂದರು ಹು ಷಿ. ಗೆಳೆಯ ಮೇ ಗುವಾಂಗ್‌ದಿ ಸಿಟ್ಟಾದರು. ಪತ್ರಗಳಲ್ಲಿ ಜಟಾಪಟಿ ನಡೆಯಿತು. ಆ ಜಗಳದಲ್ಲೇ ಹು ಷಿ, ಸಾಹಿತ್ಯವನ್ನು ಹಳೆಯ ಗ್ರಾಂಥಿಕ ಭಾಷೆ ಬಿಟ್ಟು ಆಡುಮಾತಿನಲ್ಲೇ ಬರೆಯಬೇಕೆಂದು ಗಟ್ಟಿಯಾಗಿ ನಿಂತರು. ಸಾಹಿತ್ಯ ಸುಧಾರಣೆ ಕುರಿತ ಅವರ ಹೆಸರಾಂತ ಲೇಖನ 1917ರಲ್ಲಿ ಚೀನಾದ ‘ನವ ಯೌವನ’ ಪತ್ರಿಕೆಯಲ್ಲೂ ಅಮೆರಿಕದ ಚೀನೀ ವಿದ್ಯಾರ್ಥಿಗಳ ತ್ರೈಮಾಸಿಕದಲ್ಲೂ ಅಚ್ಚಾಯಿತು.

ಅದೇ ವರ್ಷ ಅದೇ ತ್ರೈಮಾಸಿಕದಲ್ಲಿ ‘ಒಂದು ದಿನ’ ಎಂಬ ಕಥೆ ಬಂತು: ಮಹಿಳಾ ಕಾಲೇಜಿನ ಹಾಸ್ಟೆಲ್ ಹುಡುಗಿಯರ ಒಂದು ದಿನ, ಆಡುಮಾತಿನಲ್ಲಿ. ಬರೆದವರು ವ್ಯಾಸರ್ ಕಾಲೇಜಿನ ವಿದ್ಯಾರ್ಥಿನಿ ಚೆನ್ ಹೆಂಗ್‌ಝೆ. ಸರೋವರದಲ್ಲಿ ತೊಯ್ದವರಲ್ಲಿ ಅವರೂ ಒಬ್ಬರು. ಆಡುಮಾತಿನ ಮೊದಲ ಆಧುನಿಕ ಚೀನೀ ಕಥೆ ಎಂದು ಸಾಮಾನ್ಯವಾಗಿ ಹೇಳುವ ಲೂ ಷುನ್ ಅವರ ‘ಹುಚ್ಚನ ದಿನಚರಿ’ ಬಂದದ್ದು ಮರುವರ್ಷ. ಚೆನ್ ಹೆಂಗ್‌ಝೆಯವರ ಹೆಸರನ್ನು ನಮ್ಮ ಲೇಖನದಲ್ಲಿ ಬಿಟ್ಟದ್ದು ತಪ್ಪಾಯಿತು. ಮುಂದಿನ ಸಂಚಿಕೆಯಲ್ಲಿ ಅವರಿಗೆ ಎರಡು ಪುಟ ಮೀಸಲಿಟ್ಟಿದ್ದೇನೆ.

– ಸಂ.