ಶೆಡ್ಡಿನಿಂದ ಶುರು ಮಾಡಿ

ನಮಸ್ಕಾರ,

ಇಂಗ್ಲಿಷ್ ಕಾಲುವೆಯ ಗರ್ನ್ಸಿ ದ್ವೀಪದ ನ್ಯಾಯಾಧೀಶರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸುವ ಬರಹವೂ ಅಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ನ್ಯಾಯದೇವತೆ, ತಕ್ಕಡಿ, ಕಣ್ಣಿಗೆ ಬಟ್ಟೆ ಇವನ್ನೆಲ್ಲ ಓದಿ ಓದಿ ಜನಕ್ಕೆ ಸಾಕಾಗಿದೆ. ನಿಜವಾದ ಕತೆ ನಾಲ್ಕನೇ ಪುಟದ ಒಂದು ಸಾಲಿನಲ್ಲಿದೆ: ಹೂ ಬೆಳೆಯುವವನೊಬ್ಬ ಪ್ಯಾಕಿಂಗ್ ಶೆಡ್ಡನ್ನೇ ಮನೆ ಮಾಡಿಕೊಂಡ, ಅನುಮತಿ ಸಿಗಲಿಲ್ಲ, ಕೋರ್ಟಿಗೆ ಹೋಗಿ ಸೋತ. ಅಷ್ಟೇನಾ? ತೀರ್ಪು ಕೊಡಲು ಯಾರು ಕೂತಿದ್ದರು ಅನ್ನೋದೇ ಇಲ್ಲಿ ವಿಷಯ, ಅಲ್ವಾ?

ಯಾವ ಜಮೀನಿನಲ್ಲಿ ಏನು ಕಟ್ಟಬಹುದು ಎಂಬ ಯೋಜನೆಗೆ ದ್ವೀಪದ ಶಾಸನಸಭೆ ಒಪ್ಪಿಗೆ ಕೊಟ್ಟದ್ದು 1990ರಲ್ಲಿ. ಆಗ ಸಭೆ ನಡೆಸಿದವರು ಡೆಪ್ಯುಟಿ ಬೇಲಿಫ್, ಅಂದರೆ ದ್ವೀಪದ ಉಪ ಮುಖ್ಯ ನ್ಯಾಯಾಧೀಶರು. 1995ರಲ್ಲಿ ಹೂ ಬೆಳೆಗಾರನ ಅಪೀಲು ಬಂತು. ಅದೇ ಯೋಜನೆಯ ಪ್ರಶ್ನೆ. ಅಷ್ಟರಲ್ಲಿ ಆ ಡೆಪ್ಯುಟಿಯೇ ಬೇಲಿಫ್ ಆಗಿದ್ದರು, ಅಂದರೆ ದ್ವೀಪದ ಮುಖ್ಯ ನ್ಯಾಯಾಧೀಶರು. ಅಪೀಲು ಕೇಳಿದ್ದೂ ಅವರೇ! 2000ದಲ್ಲಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ಸರಿಯಲ್ಲ ಎಂದಿತು.

ನೀವು ಅವರನ್ನು ಖಳನಾಯಕ ಮಾಡಿದ್ದೀರಿ. ಅದು ತಪ್ಪು. ಅವರು ಪಕ್ಷಪಾತ ಮಾಡಿದರು ಎಂದು ಸ್ಟ್ರಾಸ್‌ಬರ್ಗ್ ಎಲ್ಲೂ ಹೇಳಲಿಲ್ಲ. ಅಲ್ಲೂ ಕೂತರು, ಇಲ್ಲೂ ಕೂತರು, ಅನುಮಾನ ಬರಲು ಅದೇ ಸಾಕು ಎಂದಿತು. ಗರ್ನ್ಸಿಯ ಶಾಸನಸಭೆ ಹುಟ್ಟಿದ್ದೇ ಈ ಅಪೀಲು ಕೇಳಿದ ರಾಯಲ್ ಕೋರ್ಟಿನ ಒಳಗಿಂದ. ಎರಡೂ ಕಡೆ ಒಬ್ಬರೇ ಕೂರುವುದು ಅಲ್ಲಿಯವರಿಗೆ ವಿಚಿತ್ರ ಅನಿಸುತ್ತಲೇ ಇರಲಿಲ್ಲ. ಇದನ್ನು ಬರೆಯಿರಿ. ಬೈಗುಳಕ್ಕಿಂತ ಇದು ಜಾಸ್ತಿ ನಾಟುತ್ತದೆ.

ಜುರಾಟ್‌ಗಳಿಗೆ ಒಂದೇ ವಾಕ್ಯ ಕೊಟ್ಟಿದ್ದೀರಿ, ಸಾಲದು. ಗರ್ನ್ಸಿಯಲ್ಲಿ ಜ್ಯೂರಿ ಇಲ್ಲ. ನಡೆದದ್ದೇನು ಎಂದು ತೀರ್ಮಾನಿಸುವವರು ಜುರಾಟ್‌ಗಳು. ಅವರು ವಕೀಲಿಕೆ ಓದಿರಬೇಕೆಂದೇನಿಲ್ಲ. ಕಾನೂನು ಹೇಳುವುದು ಬೇಲಿಫ್ ಕೆಲಸ. ಆ ಅಪೀಲು ಕೇಳಲು ಬೇಲಿಫ್ ಜೊತೆ 7 ಜುರಾಟ್‌ಗಳು ಕೂತಿದ್ದರು. ಅಷ್ಟು ಜನ ಒಮ್ಮತದಿಂದ ತಳ್ಳಿಹಾಕಿದರೂ ಒಬ್ಬರ ಹಾಜರಿ ಯಾಕೆ ಮುಖ್ಯವಾಯಿತು? ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ.

ಇನ್ನು, ಮಂಡಿಯೂರಿ ಮೂರು ಸಲ ‘ಹಾರೊ’ ಎಂದು ಕೂಗಿ, ತನ್ನ ಜಾಗದಲ್ಲಿ ನಡೆಯುವ ಕೆಲಸ ನಿಲ್ಲಿಸುವ ಹಳೇ ಪದ್ಧತಿ. ಸೊಗಸಾಗಿ ಬರೆದಿದ್ದೀರಿ, ಆದರೆ ಇಲ್ಲಿ ಹೊಂದುವುದಿಲ್ಲ. ಅದನ್ನೇ ಬೇರೆ ಲೇಖನ ಮಾಡಿ ಕೊಡಿ, ಖಂಡಿತ ಹಾಕುತ್ತೇನೆ.

ಇದನ್ನು 900 ಪದಕ್ಕೆ ಇಳಿಸಿ, ಶೆಡ್ಡಿನಿಂದ ಶುರು ಮಾಡಿ ಕಳಿಸಿ.

ಸಂಪಾದಕ